ಕವಳ, ಕರೆಂಟು ಮತ್ತು ಕಹಿಯ ಜೀನು: ನನ್ನ ಅನುಭವ

"ಶಿವಮೊಗ್ಗದ ಮಳೆಗಾಲದ ಕರೆಂಟಲ್ಲಿ ಪಿಸಿಆರ್ ಮಾಡ್ತೀರಾ ಮೇಡಂ?" ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರಿಗೆ ಈಗ ಜೆಲ್ ಫೋಟೋ ತೋರಿಸುತ್ತಿದ್ದೇನೆ. (ಪಿಸಿಆರ್ ಅಂದರೆ ಡಿಎನ್‌ಎಯ ಒಂದು ತುಂಡನ್ನು ನಕಲು ಮಾಡಿ ಹೆಚ್ಚಿಸೋದು, ಜೆಲ್ ಅಂದರೆ ಆ ಚೂರುಗಳನ್ನು ಉದ್ದದ ಪ್ರಕಾರ ಬೇರೆ ಮಾಡಿ ತೋರಿಸುವ ಪದರ.) ಪಿಟಿಸಿ ಕಾಗದ (ಕೆಲವರಿಗೆ ಕಹಿ, ಕೆಲವರಿಗೆ ಏನೂ ಗೊತ್ತಾಗದ ರಾಸಾಯನಿಕ ಹಚ್ಚಿದ್ದು) ನೆಕ್ಕಿಸೋದು ಎಲ್ಲರೂ ಮಾಡಿಸುತ್ತೇವೆ. ನೆಕ್ಕಿದವರಲ್ಲಿ ಆ ಕಹಿ ಹಿಡಿಯುವ ರಿಸೆಪ್ಟರಿನ ಜೀನು ಟಿಎಎಸ್2ಆರ್38 ಅನ್ನೂ ನೋಡಬೇಕು ಅನ್ನೋದು ನನ್ನ ಹಠ.

ಮೊದಲ ಎರಡು ತಿಂಗಳು ಬರೀ ಖರ್ಚು. ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುವ ಹೇ ತ್ರೀ ಎಂಜೈಮಿಗೆ ನನ್ನ ಕೈಯಿಂದಲೇ ಸುಮಾರು 4 ಸಾವಿರ ಹೋಯಿತು. ಡಬ್ಬಿ ಬಂದಾಗ ಐಸೆಲ್ಲ ಕರಗಿ ನೀರಾಗಿತ್ತು, ಮತ್ತೆ ತರಿಸಿದೆ. ಒಂದು ದಿನ ಪಿಸಿಆರ್‌ನ 22ನೇ ಸೈಕಲ್‌ಗೆ ಕರೆಂಟು ಹೋಯಿತು, 16 ಟ್ಯೂಬು ಚೆಲ್ಲಿದೆ. ಕಂಪ್ಯೂಟರ್ ಲ್ಯಾಬಿನ ಯುಪಿಎಸ್ ಬೇಡಿ ತಂದೆ. 1% ಜೆಲ್‌ನಲ್ಲಿ 221 ಬೇಸ್‌ಪೇರ್ ಉದ್ದದ ಚೂರು (ಎಂಜೈಮು ಕತ್ತರಿಸದ್ದು, ಕಹಿ ಗೊತ್ತಾಗದ ರೂಪ) ಮತ್ತು 177ರದ್ದು (ಕತ್ತರಿಸಿದ್ದು, ಕಹಿ ಗೊತ್ತಾಗುವ ರೂಪ) ಒಂದಕ್ಕೊಂದು ಅಂಟಿಕೊಂಡೇ ಕೂತವು. 3% ಮಾಡಿದ ಮೇಲೆ ಬೇರೆಯಾದವು. ಕತ್ತರಿಸಿದಾಗ ಉಳಿಯುವ 44ರ ಚೂರು ಕಾಣಲೇ ಇಲ್ಲ, ನಾನೂ ಹುಡುಕಲಿಲ್ಲ.

ಇಷ್ಟಾದರೂ ಕೆಲವು ಸ್ಯಾಂಪಲ್‌ಗಳಲ್ಲಿ ಬ್ಯಾಂಡೇ (ಜೆಲ್ ಮೇಲಿನ ಡಿಎನ್‌ಎ ಗೆರೆ) ಇಲ್ಲ. ಪ್ರೈಮರ್ (ನಕಲು ಶುರುವಾಗುವ ಜಾಗ ಹಿಡಿಯುವ ಚಿಕ್ಕ ಡಿಎನ್‌ಎ) ಬೈದೆ, ಟಾಕ್ (ನಕಲು ಮಾಡುವ ಎಂಜೈಮು) ಬೈದೆ. ಕೊನೆಗೆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರೆ, ಡಿಎನ್‌ಎಗೆಂದು ಬಾಯಿ ಮುಕ್ಕಳಿಸಿದ ಉಪ್ಪುನೀರು ತೆಳು ಚಹಾದ ಬಣ್ಣಕ್ಕಿತ್ತು. ಸಾಗರದ ಕಡೆಯ ಹುಡುಗನನ್ನು ಕರೆದು ಕೇಳಿದೆ. "ಬೆಳಿಗ್ಗೆ ಅಜ್ಜನ ಜೊತೆ ಒಂದು ಕವಳ ಹಾಕಿದ್ದೆ ಮೇಡಂ" ಅಂದ! ಕವಳ ಅಂದರೆ ಎಲೆಅಡಿಕೆ. ಅಡಿಕೆಯ ಒಗರು ಇದ್ದರೆ ಟಾಕ್ ಕೆಲಸ ಮಾಡುತ್ತಾ? ಆಮೇಲೆ ಹಲ್ಲುಜ್ಜಿಸಿ, ಮೂರು ಸಲ ಬಾಯಿ ತೊಳೆಸಿ, ಮಿಕ್ಸ್‌ಗೆ ಸ್ವಲ್ಪ ಬಿಎಸ್‌ಎ (ಒಗರನ್ನು ಹಿಡಿದಿಡುವ ಪ್ರೋಟೀನು) ಹಾಕಿದೆ. ಎಷ್ಟು ಅಂತ ಕೇಳಬೇಡಿ. ಡಿಎನ್‌ಎ ತೆಗೆಯಲು ಚೆಲೆಕ್ಸ್ ಪುಡಿಯ ಜೊತೆ ಕುದಿಸುವಾಗಲೂ ಒಂದು ಚಿಕ್ಕ ಉಪಾಯ ಇದೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

31 ಜನರಲ್ಲಿ 27 ಜನರ ನಾಲಿಗೆಗೂ ಜೆಲ್‌ಗೂ ತಾಳೆಯಾಯಿತು. ಉಳಿದವರದು ಗೊಂದಲವೇ. ನಾನು ನೋಡಿದ್ದು ಆ ರಿಸೆಪ್ಟರಿನ 49ನೇ ಅಮೈನೋ ಆಮ್ಲದ ಜಾಗ ಮಾತ್ರ, ಜನರಲ್ಲಿ ವ್ಯತ್ಯಾಸ ಇರುವ ಇನ್ನೆರಡು ಜಾಗ, 262 ಮತ್ತು 296, ಮುಟ್ಟಿಲ್ಲ. "ಅಪ್ಪ ಅಮ್ಮನಿಗೂ ಕಾಗದ ಕೊಡಿ" ಅಂತ ಕೆಲವರು ಅಂದರು, ಕೊಡಲಿಲ್ಲ. ಹಿಂದೆ ತಂದೆ ಯಾರೆಂದು ತೀರ್ಮಾನಿಸೋಕೂ ಇದೇ ರುಚಿಯನ್ನು ಬಳಸುತ್ತಿದ್ದರು. ಯಾರದೋ ಮನೆ ಜಗಳ ನನಗ್ಯಾಕೆ?

ಮಧ್ಯೆ ಸುಮ್ನೆ ಇನ್ನೊಂದು ಆಟ. ಪಿಟಿಸಿ ಗೊತ್ತಾಗದ 8 ಜನರಿಗೆ ನೆಲಬೇವಿನ ಕಷಾಯ ಒಂದೊಂದು ಚಮಚ ಕೊಟ್ಟೆ. ಎಂಟೂ ಮುಖ ಕಿವುಚಿದವು. ಕಹಿ ಹಿಡಿಯುವ ರಿಸೆಪ್ಟರ್‌ಗಳು ನಮ್ಮಲ್ಲಿ ಸುಮಾರು 25 ಇವೆ, ಇವರಲ್ಲಿ ಮಂಕಾಗಿರೋದು ಅದರಲ್ಲಿ ಒಂದು ಅಷ್ಟೇ. ಪಿಟಿಸಿ ತರಹದ ಕಹಿ ಇರುವ ಹಸಿ ನವಿಲುಕೋಸನ್ನೂ ಹೋಳು ಮಾಡಿ ಕೊಟ್ಟೆ. ಅದು ಲೆಕ್ಕಕ್ಕೆ ಬರಲಿಲ್ಲ. ಅರ್ಧ ಜನ ಉಪ್ಪು ಖಾರ ಕೇಳಿದರು.

ಹಾಳಾದದ್ದು ಬಿಟ್ಟರೆ ಒಬ್ಬರಿಗೆ ಹೆಚ್ಚುಕಡಿಮೆ 200 ರೂಪಾಯಿ ಬಿತ್ತು. ಹಾಳಾದದ್ದನ್ನೂ ಸೇರಿಸಿ ನಾನಿನ್ನೂ ಲೆಕ್ಕ ಹಾಕಿಲ್ಲ, ಮನೆಯಲ್ಲೂ ಹೇಳಿಲ್ಲ.