ಪೊಲೀಸರ ಹಳೇ ಪಿಸ್ತೂಲಿನ ಜಾತಕ ಬಿಡಿಸುವುದು ಹೇಗೆ?

ಪೊಲೀಸ್ ಇಲಾಖೆ ಹರಾಜಿಗೆ ಹಾಕಿದ ಹಳೇ ಪಿಸ್ತೂಲೋ ರಿವಾಲ್ವರೋ ಕೈಗೆ ಬಂದ ದಿನವೇ ಹೊಸಬರು ಮಾಡುವ ಕೆಲಸ ಒಂದಿದೆ. ಸ್ಟೀಲ್ ನಾರು ಹಿಡಿದು ಫಳಫಳ ಅನ್ನುವ ಹಾಗೆ ಉಜ್ಜಿಬಿಡುತ್ತಾರೆ. ಆಮೇಲೆ "ಇದು ಯಾವ ಠಾಣೆಯದ್ದು ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳುತ್ತಾರೆ. ಉಜ್ಜಿ ತೆಗೆದದ್ದರಲ್ಲೇ ಉತ್ತರ ಇತ್ತು!

ಮೊದಲು ಕಾಗದಪತ್ರ. ನೀವಿರುವ ದೇಶದಲ್ಲಿ ಇಂಥದ್ದನ್ನು ಇಟ್ಟುಕೊಳ್ಳಬಹುದಾ, ಯಾವ ಪರವಾನಗಿ ಬೇಕು ಅಂತ ತಿಳಿದುಕೊಂಡೇ ದುಡ್ಡು ಬಿಚ್ಚಿ. ಅಮೆರಿಕದಲ್ಲಿ 50 ವರ್ಷ ದಾಟಿದ ಬಂದೂಕುಗಳಿಗೆ ಸಂಗ್ರಾಹಕರ ಲೈಸೆನ್ಸ್ ಅಂತಲೇ ಬೇರೆ ಇದೆ. ಸೀರಿಯಲ್ ನಂಬರ್ ಅರದಿಂದ ತಿಕ್ಕಿ ಅಳಿಸಿದ್ದರೆ ಚೌಕಾಸಿಗೂ ನಿಲ್ಲಬೇಡಿ, ಎದ್ದು ಬನ್ನಿ.

ಎರಡನೆಯದು, ಒಳಗೆ ಗುಂಡಿಲ್ಲ ಅಂತ ಎರಡು ಸಲ ನೋಡಿ. ಮೂರನೆಯದು, ಮೆತ್ತನೆ ಬಟ್ಟೆಗೆ ಒಂದೆರಡು ಹನಿ ಎಣ್ಣೆ ಹಾಕಿ ಒರೆಸಿ. ಅಷ್ಟೇ, ಜಾಸ್ತಿ ಬೇಡ. ಸೀಸೆಯಲ್ಲಿ ಸಿಗುವ, ಸವರಿದರೆ ಕಪ್ಪಾಗುವ ಬಣ್ಣದ ಹತ್ತಿರ ಸುಳಿಯಲೇ ಬೇಡಿ. ನಾನು ನೋಡಿದ್ದರಲ್ಲಿ ಒಂದೂ ಮೂಲ ಬಣ್ಣಕ್ಕೆ ಹೊಂದಲಿಲ್ಲ. ತೇಪೆ ಹಾಕಿದ್ದು ದೂರದಿಂದಲೇ ಕಾಣುತ್ತದೆ.

ಈಗ ಕಷ್ಟದ ಹೆಜ್ಜೆ, ಗುರುತು ಓದುವುದು. ಹತ್ತರಲ್ಲಿ ಎಂಟು ಜನ ಇಲ್ಲೇ ಎಡವುತ್ತಾರೆ.

ಅಮೆರಿಕದ ಪೊಲೀಸರು ದಶಕಗಟ್ಟಲೆ ಸೊಂಟಕ್ಕೆ ಸಿಕ್ಕಿಸಿಕೊಂಡ ಸ್ಮಿತ್ ಆಂಡ್ ವೆಸನ್ 'ಮಿಲಿಟರಿ ಆಂಡ್ ಪೊಲೀಸ್' ರಿವಾಲ್ವರನ್ನೇ ತಗೊಳ್ಳಿ. 1899ರಲ್ಲಿ ಶುರುವಾದ ಮಾದರಿ. ಸಿಲಿಂಡರನ್ನು ಪಕ್ಕಕ್ಕೆ ಹೊರಳಿಸಿದರೆ, ಅದನ್ನು ಹಿಡಿದಿರುವ ತೋಳಿನ ಸಂದಿಯಲ್ಲಿ ಒಂದು ನಂಬರ್ ಎದ್ದು ಕಾಣುತ್ತದೆ. ಎಲ್ಲರೂ ಅದನ್ನೇ ಬರೆದುಕೊಳ್ಳುತ್ತಾರೆ. ತಪ್ಪು! ಹಳೇ ರಿವಾಲ್ವರುಗಳಲ್ಲಿ ಅದು ಕಾರ್ಖಾನೆಯಲ್ಲಿ ಬಿಡಿಭಾಗ ಅದಲುಬದಲಾಗದಿರಲಿ ಅಂತ ಹಾಕಿದ ಜೋಡಣೆ ನಂಬರ್. ಅಸಲಿ ಸೀರಿಯಲ್ ಹಿಡಿಯ ತಳದಲ್ಲಿರುತ್ತದೆ. ದೊಡ್ಡ ಮರದ ಹಿಡಿ ಹಾಕಿದ್ದರೆ ಅದರಡಿ ಮುಚ್ಚಿಹೋಗಿರುತ್ತದೆ. ಈ ಗೊಂದಲಕ್ಕೆ ಕಾರಣವೂ ಇದೆ. ಕೋಲ್ಟ್ ಕಂಪನಿಯ ಪೊಲೀಸ್ ರಿವಾಲ್ವರುಗಳಲ್ಲಿ ಸೀರಿಯಲ್ ನಂಬರ್ ಇರುವುದು ಆ ಸಂದಿಯಲ್ಲೇ. ಕೋಲ್ಟ್ ನೋಡಿ ಕಲಿತವರು ಸ್ಮಿತ್‌ನಲ್ಲಿ ಬೀಳುತ್ತಾರೆ. ನನಗೆ ಗೊತ್ತಿರುವ ಒಬ್ಬರು ಈ ಜೋಡಣೆ ನಂಬರಿನ ಬೆನ್ನು ಹತ್ತಿ ಒಂದು ವರ್ಷ ಕಳೆದರು.

ಹಿಡಿ ಬಿಚ್ಚುವಾಗ ಸ್ಕ್ರೂಡ್ರೈವರ್ ತುದಿಯಿಂದ ಮೀಟಬೇಡಿ, ಮರದ ಅಂಚು ಚಕ್ಕೆ ಏಳುತ್ತದೆ. ಸ್ಕ್ರೂ ಮೂರ್ನಾಲ್ಕು ಸುತ್ತು ಸಡಿಲ ಮಾಡಿ, ಅದರ ತಲೆಯ ಮೇಲೆ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಆಚೆ ಬದಿಯ ಪಟ್ಟಿ ತಾನಾಗಿ ಏಳುತ್ತದೆ. ಬಲಗಡೆ ಪಟ್ಟಿಯ ಒಳಮೈಯನ್ನು ಬೆಳಕಿಗೆ ಹಿಡಿಯಿರಿ. ಮೂಲ ಹಿಡಿಯೇ ಆಗಿದ್ದರೆ ಪೆನ್ಸಿಲಿನಲ್ಲೋ ಅಚ್ಚಿನಲ್ಲೋ ಅದೇ ಸೀರಿಯಲ್ ಸಿಗಬಹುದು. ಅಲ್ಲಿ ಅಂಟಿರುವ ಕೊಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಿರೋ, ಪೆನ್ಸಿಲ್ ಬರಹ ಹೋಯಿತು. ನಂಬರ್ ಪಕ್ಕ ಸಣ್ಣ ನಕ್ಷತ್ರ ಇದ್ದರೆ, ಅದು ಯಾವತ್ತೋ ರಿಪೇರಿಗೆ ಕಾರ್ಖಾನೆಗೆ ಮರಳಿತ್ತು ಅಂತ. ಮರದ ಹಿಡಿಯಡಿ, ಚೌಕಟ್ಟಿನ ಎಡಬದಿಯಲ್ಲಿ ಆ ರಿಪೇರಿಯ ತಿಂಗಳು, ವರ್ಷ ಹುಡುಕಿ.

ನಂಬರಿನ ಮುಂದಿನ ಅಕ್ಷರ ಬಿಡಬಾರದು. ಈ ಮಾದರಿಯ ಸಂಖ್ಯೆ 1942ರಲ್ಲಿ ಹತ್ತು ಲಕ್ಷ ಮುಟ್ಟಿತು. ಅಲ್ಲಿಂದ 'ವಿ' ಅಕ್ಷರ ಹಾಕಿ ಒಂದರಿಂದ ಎಣಿಕೆ ಶುರು ಮಾಡಿದರು. ಇವೇ ಎರಡನೇ ಮಹಾಯುದ್ಧದ 'ವಿಕ್ಟರಿ' ರಿವಾಲ್ವರುಗಳು. 'ವಿ' ಬಿಟ್ಟು ಬರೆದರೆ ನಿಮ್ಮದಲ್ಲದ, ಎಷ್ಟೋ ವರ್ಷ ಹಳೆಯದಾದ ಇನ್ನೊಂದು ರಿವಾಲ್ವರಿನ ಕಥೆ ನಿಮ್ಮ ಕೈಗೆ ಬರುತ್ತದೆ.

ಈ ವಿಕ್ಟರಿಗಳ ಬೆನ್ನಪಟ್ಟಿ, ಅಂದರೆ ಹಿಡಿಯ ಹಿಂಬದಿಯ ಲೋಹದ ಪಟ್ಟಿ, ನೋಡುವುದೇ ಒಂದು ಖುಷಿ. ಯುದ್ಧ ಮುಗಿದ ಮೇಲೆ ಕೆಲವನ್ನು ಅಮೆರಿಕನ್ನರು ಜರ್ಮನಿಯ ಬವೇರಿಯಾದ ಪೊಲೀಸರಿಗೆ ಕೊಟ್ಟರು. ಅವುಗಳ ಮೇಲೆ 'ಬವೇರಿಯಾ ರೂರಲ್ ಪೊಲೀಸ್' ಅಂತ ಇಂಗ್ಲಿಷಿನಲ್ಲೇ ಕೆತ್ತಿದೆ, ಜರ್ಮನ್ ಪೊಲೀಸನ ಸೊಂಟದಲ್ಲಿ! ಇಂಥದ್ದು ಸಿಕ್ಕರೆ ಅರ್ಧ ಕೆಲಸ ಆದಂತೆ. ಆದರೆ ನಿಕ್ಕಲ್ ಹೊಳಪು ಕೊಟ್ಟು, ನಳಿಕೆ ಕುಯ್ದು ಗಿಡ್ಡ ಮಾಡಿದ ವಿಕ್ಟರಿ ಕೊಳ್ಳಬೇಡಿ. ಬ್ರಿಟಿಷರಿಗೆ ಕಳಿಸಿದ್ದ ಎಷ್ಟೋ ರಿವಾಲ್ವರುಗಳ ಗುಂಡಿನ ಕೋಣೆಯನ್ನು ಆಮೇಲೆ ಕೊರೆದು, ಉದ್ದನೆಯ .38 ಸ್ಪೆಷಲ್ ಗುಂಡು ಹಿಡಿಯುವ ಹಾಗೆ ಮಾಡಿ ಮಾರಿದ್ದಾರೆ. ಅದರಲ್ಲಿ ಹಾರಿಸಿದರೆ ಖಾಲಿ ತೋಟೆ ಉಬ್ಬಿಯೋ ಸೀಳಿಯೋ ಹೊರಬರುತ್ತದೆ.

ಅಕ್ಷರ ನೋಡಿದ ಕೂಡಲೇ ಊರು ಹೇಳಿಬಿಡುವ ಚಟವೂ ಒಳ್ಳೆಯದಲ್ಲ. 'ಸಿ.ಪಿ.ಡಿ.' ಅಂತ ಇದ್ದರೆ (ಪಿ.ಡಿ. ಅಂದರೆ ಪೊಲೀಸ್ ಡಿಪಾರ್ಟ್‌ಮೆಂಟ್) ಮಾರುವವನಿಗೆ ಆ 'ಸಿ' ಯಾವಾಗಲೂ ಶಿಕಾಗೋ. ಯಾಕೆ, ಕ್ಲೀವ್‌ಲ್ಯಾಂಡ್ ಆಗಬಾರದಾ? ಸಿನ್ಸಿನಾಟಿ? ಒಂದು ಗುರುತಿನ ಮೇಲೆ ಗೆರೆ ಹೊಡೆದು ಪಕ್ಕದಲ್ಲಿ ಇನ್ನೊಂದು ಹಾಕಿದ್ದರೆ, ಸಾಮಾನ್ಯವಾಗಿ ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗವಾಗಿದೆ ಅಂತ. ಎರಡನ್ನೂ ಬರೆದುಕೊಳ್ಳಿ. ಸವೆದ ಗುರುತಿಗೆ ಟಾರ್ಚನ್ನು ನೇರವಾಗಿ ಬಿಡಬೇಡಿ. ಮೇಲ್ಮೈಗೆ ತಾಗಿದ ಹಾಗೆ ಓರೆಯಾಗಿ ಬಿಟ್ಟರೆ ಅಕ್ಷರದ ನೆರಳು ಬಿದ್ದು ಓದಲು ಬರುತ್ತದೆ.

ಜರ್ಮನ್ ಪಿಸ್ತೂಲುಗಳ ಲೆಕ್ಕ ಬೇರೆ, ನನಗೆ ಅವೇ ಇಷ್ಟ. ಪಶ್ಚಿಮ ಜರ್ಮನಿಯ ಪೊಲೀಸರು 1970ರ ದಶಕದ ಕೊನೆಯಲ್ಲಿ ಹಳೇ ಪಿಸ್ತೂಲು ಬಿಟ್ಟು ಮೂರು ಹೊಸ ಮಾದರಿಗೆ ಹೋದರು: ವಾಲ್ಟರ್ ಪಿ5, ಸಿಗ್ ಸೌವರ್ ಪಿ6, ಹೆಕ್ಲರ್ ಆಂಡ್ ಕಾಖ್ ಪಿ7. ಪಿಸ್ತೂಲು ಗಟ್ಟಿಯಿದೆ ಅಂತ ಹಾರಿಸಿ ನೋಡಿದ ಮೇಲೆ ಒತ್ತುವ ಪರೀಕ್ಷಾ ಮುದ್ರೆಯ ಪಕ್ಕ ಎರಡು ಅಕ್ಷರ ಇರುತ್ತದೆ. ಅದು ವರ್ಷ. ಎ ಅಂದರೆ 0, ಬಿ 1, ಹೀಗೇ ಐ ಅಂದರೆ 8. ಜೆ ಬಿಟ್ಟು ಕೆ ಅಂದರೆ 9. 'ಐಬಿ' ಅಂದರೆ 1981. ಜಿಂಕೆ ಕೊಂಬಿನ ಮುದ್ರೆ ಇದ್ದರೆ ಉಲ್ಮ್ ಊರಲ್ಲಿ ಪರೀಕ್ಷೆಯಾಗಿದೆ. ಆದರೆ ಇದು ಪರೀಕ್ಷೆಯಾದ ವರ್ಷ, ಪೊಲೀಸನ ಕೈಗೆ ಬಂದ ವರ್ಷ ಅಲ್ಲ. ಹೊರದೇಶದಿಂದ ತರಿಸಿದವರ ಹೆಸರು ಅಚ್ಚಾಗಿದ್ದರೆ ಸಂಗ್ರಾಹಕರು ಮುಖ ಸಿಂಡರಿಸುತ್ತಾರೆ. ನಾನು ಸಿಂಡರಿಸುವುದಿಲ್ಲ. ಅದು ಯಾವ ದಾರಿಯಲ್ಲಿ ಬಂತು ಅಂತ ಹೇಳುವ ಸಾಕ್ಷಿ ಅದು, ಅಲ್ವಾ?

ಮುಂದಿನದು ಪತ್ರ ಬರೆಯುವುದು. ಕೋಲ್ಟ್ ಕಂಪನಿಯ ದಾಖಲೆ ವಿಭಾಗ, ಸ್ಮಿತ್ ಆಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಶನ್, ಎರಡೂ ಶುಲ್ಕ ತಗೊಂಡು ಹಳೇ ಲೆಡ್ಜರ್ ನೋಡಿ ಪತ್ರ ಕೊಡುತ್ತವೆ. ಯಾವ ದಿನ, ಯಾರಿಗೆ ಕಳಿಸಿದರು ಅನ್ನುವುದು ಅದರಲ್ಲಿರುತ್ತದೆ. ಸಗಟು ಅಂಗಡಿಯ ಹೆಸರು ಬಂದರೆ ಬೇಜಾರಾಗಬೇಡಿ, ಇಲಾಖೆಗಳು ಅಂಥ ಅಂಗಡಿಯಿಂದಲೂ ಕೊಳ್ಳುತ್ತಿದ್ದವು. ಆ ಪತ್ರದ ಪ್ರತಿ ಇಟ್ಟು ಆಮೇಲೆ ಆ ಊರಿನ ಪೊಲೀಸ್ ಮ್ಯೂಸಿಯಂಗೋ ನಗರ ದಾಖಲೆಗಳ ಕಚೇರಿಗೋ ಬರೆಯಿರಿ. "ಇದನ್ನು ಯಾರು ಇಟ್ಟುಕೊಂಡಿದ್ದರು?" ಅಂತ ಕೇಳಿದರೆ ಉತ್ತರ ಬರುವುದಿಲ್ಲ. "ಈ ವರ್ಷದಿಂದ ಈ ವರ್ಷದವರೆಗಿನ ಆಯುಧ ವಿತರಣೆ ರಿಜಿಸ್ಟರ್ ಉಳಿದಿದೆಯಾ, ಅದರಲ್ಲಿ ಈ ನಂಬರ್ ಇದೆಯಾ?" ಅಂತ ಕೇಳಿ. ನಂಬರಿನ ಫೋಟೊ ಜೊತೆಗಿರಲಿ.

ಕೊನೆಗೆ ಇಡುವುದು. ಪಿಸ್ತೂಲಿನ ಜೊತೆ ಅದರದ್ದೇ ಹಳೇ ಚರ್ಮದ ಹೋಲ್ಸ್ಟರ್ ಸಿಕ್ಕರೆ ಅದೃಷ್ಟ. ಒಳಗೆ ಹೆಸರೋ ಬ್ಯಾಡ್ಜ್ ನಂಬರೋ ಇದೆಯಾ ಅಂತ ಮಡಿಕೆ ಬಿಡಿಸಿ ನೋಡಿ. ಆದರೆ ಪಿಸ್ತೂಲನ್ನು ಅದರೊಳಗೆ ಇಡಬೇಡಿ. ಚರ್ಮ ತೇವ ಹಿಡಿದಿಟ್ಟು, ನೀವು ಇಷ್ಟು ಹೊತ್ತು ಓದಿದ ಅಕ್ಷರಗಳ ಮೇಲೇ ತುಕ್ಕು ಬರಿಸುತ್ತದೆ. ಎರಡನ್ನೂ ಬೇರೆ ಬೇರೆ ಇಟ್ಟು, ಪತ್ರಗಳ ಪ್ರತಿಯನ್ನು ಹೋಲ್ಸ್ಟರ್ ಜೊತೆ ಹಾಕಿ ಬೀಗ ಹಾಕಿ.