ಔಷಧಿ ಹೊಡೆಯುವಾಗ ಮೂಗಷ್ಟೇ ಅಲ್ಲ, ಪ್ಯಾಂಟೂ ನೋಡಿಕೊಳ್ಳಿ

ಹೊಲಕ್ಕೆ ಔಷಧಿ ಹೊಡೆಯುವವರು ಮೂಗು, ಬಾಯಿಗೆ ಟವೆಲ್ ಕಟ್ಟಿಕೊಳ್ಳುತ್ತಾರೆ. ಬೆನ್ನ ಮೇಲಿನ ಪಂಪು ಸೋರಿ ಪ್ಯಾಂಟು ಒದ್ದೆಯಾಗಿದ್ದರೆ ಅದು ಲೆಕ್ಕಕ್ಕೇ ಇರುವುದಿಲ್ಲ. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್‌ನಂಥ ಆರ್ಗನೊಫಾಸ್ಫೇಟ್ ಕೀಟನಾಶಕಗಳು ಚರ್ಮದಿಂದಲೂ ಒಳಗೆ ಇಳಿಯುತ್ತವೆ. ಇದೇ ಬಳಗದ ಪ್ಯಾರಾಥಿಯಾನ್ ಅನ್ನು ಹಿಂದೆ ಮನುಷ್ಯರ ಚರ್ಮದ ಮೇಲೆ ಹಚ್ಚಿ ನೋಡಿದ್ದರು. ಮುಂಗೈಗಿಂತ ಹಣೆ ಸುಮಾರು 4 ಪಟ್ಟು, ವೃಷಣದ ಚರ್ಮ ಸುಮಾರು 12 ಪಟ್ಟು ಜಾಸ್ತಿ ಹೀರಿಕೊಂಡಿತ್ತು. ಒದ್ದೆ ಪ್ಯಾಂಟಿನಲ್ಲಿ ಮಧ್ಯಾಹ್ನದವರೆಗೆ ಓಡಾಡಿದರೆ ಏನಾಗಬಹುದು, ನೀವೇ ಯೋಚಿಸಿ.

ಬಾಟಲಿ ತೆರೆಯುವ ಮುಂಚೆ

ಲೇಬಲ್ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಮೊನೊಕ್ರೊಟೊಫಾಸ್ ಕೆಂಪು. ಗೆದ್ದಲಿಗೆ ಬಳಸುವ ಕ್ಲೋರ್‌ಪೈರಿಫಾಸ್ ಹಳದಿ. ಹಳದಿಯಲ್ಲಿ ತಲೆಬುರುಡೆ ಚಿತ್ರ ಇಲ್ಲ ಅಂತ ಸಲೀಸಾಗಿ ತೆಗೆದುಕೊಳ್ಳಬೇಡಿ, ‘ವಿಷ’ ಎಂಬ ಮಾತು ಅಲ್ಲೂ ಇರುತ್ತದೆ. ಯಾವ ಬೆಳೆಗೆ, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು, ಇವೆರಡನ್ನೂ ಓದಿ. ತರಕಾರಿಗೆ ಮೊನೊಕ್ರೊಟೊಫಾಸ್ ಬಳಸುವುದನ್ನು ನಮ್ಮ ದೇಶದಲ್ಲಿ 2005ರಲ್ಲೇ ನಿಷೇಧಿಸಿದ್ದಾರೆ.

ಕ್ಲೋರ್‌ಪೈರಿಫಾಸ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಅದಕ್ಕೇ ಅದನ್ನು ದ್ರಾವಕದಲ್ಲಿ ಕರಗಿಸಿ ‘20 ಇಸಿ’ ಅಂತ ಮಾರುತ್ತಾರೆ. ಇಸಿ ಅಂದರೆ ನೀರಿಗೆ ಬೆರೆಯುವಂಥ ಗಟ್ಟಿ ದ್ರಾವಣ, 20 ಅಂದರೆ ಅದರಲ್ಲಿ ಶೇ 20ರಷ್ಟು ವಿಷ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ಮಾತು ಮರೆಯಬೇಡಿ.

ಬೆರೆಸುವಾಗ

ಹೆಚ್ಚು ಅಪಾಯ ಇಲ್ಲೇ. ಪಂಪಿನಲ್ಲಿರುವುದು ನೀರು ಕೂಡಿದ ಔಷಧಿ, ಕೈಯಲ್ಲಿರುವುದು ಗಟ್ಟಿ ಔಷಧಿ. ನೈಟ್ರೈಲ್ (ಒಂದು ಬಗೆಯ ರಬ್ಬರ್) ಗ್ಲೌಸ್ ಹಾಕಿಕೊಳ್ಳಿ. ಬಟ್ಟೆಯ ಗ್ಲೌಸ್ ವಿಷ ಹೀರಿಕೊಂಡು ಚರ್ಮಕ್ಕೇ ಅಂಟಿಸಿಡುತ್ತದೆ, ಅದಕ್ಕಿಂತ ಬರಿಗೈಯೇ ವಾಸಿ, ಕೂಡಲೇ ತೊಳೆಯಬಹುದಲ್ಲ! ಕಣ್ಣಿಗೆ ಕನ್ನಡಕ ಇರಲಿ. ಕೋಲಿನಿಂದ ಕಲಕಿ. ಪಕ್ಕದಲ್ಲಿ ಒಂದು ಕೊಡ ಒಳ್ಳೆ ನೀರು, ಸೋಪು ಇಟ್ಟುಕೊಂಡೇ ಕೆಲಸ ಶುರು ಮಾಡಿ.

ಹೊಡೆಯುವಾಗ

ಮೊದಲು ಪಂಪಿಗೆ ಬರೀ ನೀರು ತುಂಬಿ ಬೆನ್ನಿಗೆ ಹಾಕಿ ನೋಡಿ. ಮುಚ್ಚಳ, ಪೈಪಿನ ಜೋಡಣೆ ಸೋರಿದರೆ ವಾಷರ್ ಬದಲಿಸಿ. ಲುಂಗಿ, ಚಡ್ಡಿ ಬೇಡ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಬೂಟು ಇರಲಿ, ಪ್ಯಾಂಟಿನ ತುದಿ ಬೂಟಿನ ಹೊರಗಿರಲಿ. ಬೆಳಗಿನ ತಂಪಿನಲ್ಲಿ, ಗಾಳಿ ಬೆನ್ನಿಗೆ ಬರುವಂತೆ ನಡೆಯಿರಿ.

ನಾಜಲ್ ಕಟ್ಟಿದರೆ ನಮ್ಮ ಚಿಕ್ಕಪ್ಪ ಬಾಯಿಟ್ಟು ಊದುತ್ತಿದ್ದರು. ‘ಇಷ್ಟು ವರ್ಷ ಏನಾಗಿದೆ ನಂಗೆ?’ ಅಂತ ಬೇರೆ ಕೇಳುತ್ತಿದ್ದರು. ಹಳೇ ಹಲ್ಲುಜ್ಜುವ ಬ್ರಷ್ ಒಂದು ಜೇಬಿನಲ್ಲಿದ್ದರೆ ಸಾಕು.

ಬಟ್ಟೆ ಒದ್ದೆಯಾಯಿತೋ, ಕೆಲಸ ಅಲ್ಲಿಗೇ ನಿಲ್ಲಿಸಿ. ಬಿಚ್ಚಿ, ಸೋಪು ಹಚ್ಚಿ ತೊಳೆದುಕೊಳ್ಳಿ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ನೆನೆಹಾಕಬೇಡಿ.

ಖಾಲಿ ಡಬ್ಬ

ಮೂರು ಸಲ ತೊಳೆದು, ಆ ನೀರನ್ನೂ ಪಂಪಿಗೇ ಹಾಕಿ. ಆಮೇಲೆ ಡಬ್ಬ ತೂತು ಮಾಡಿ, ಬಾವಿ, ಕೆರೆಯಿಂದ ದೂರ ಹೂಳಿ. 2013ರ ಜುಲೈನಲ್ಲಿ ಬಿಹಾರದ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ತಿಂದ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಇದೇ ಮೊನೊಕ್ರೊಟೊಫಾಸ್. ಎಣ್ಣೆಯನ್ನು ಕೀಟನಾಶಕದ ಹಳೇ ಡಬ್ಬದಲ್ಲಿ ಇಟ್ಟಿದ್ದಿರಬಹುದು ಅಂತ ಆಗ ಶಂಕಿಸಿದ್ದರು.

ವಿಷ ಏರಿದರೆ

ನರವು ಸ್ನಾಯುವಿಗೆ ‘ಕೆಲಸ ಮಾಡು’ ಅಂತ ಹೇಳುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಹೇಳಿ ಮುಗಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಆರ್ಗನೊಫಾಸ್ಫೇಟ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಪಂಪ್‌ಸೆಟ್ ಆನ್ ಆಗಿದೆ, ಸ್ವಿಚ್ ಕಿತ್ತುಹೋಗಿದೆ ಅಂದುಕೊಳ್ಳಿ. ಜೊಲ್ಲು, ಬೆವರು, ಕಣ್ಣೀರು ಸುರಿಯುತ್ತದೆ. ವಾಂತಿ, ಭೇದಿ ಆಗುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ ನೋಟ ಮಂಜಾಗುತ್ತದೆ. ಮೈ ಅದುರುತ್ತದೆ, ಉಸಿರು ಕಟ್ಟುತ್ತದೆ. ಬರೀ ತಲೆನೋವು, ಬಿಸಿಲಿನ ಸುಸ್ತು ಅನ್ನಿಸಿ ಶುರುವಾಗುವುದೂ ಉಂಟು. ಕ್ಲೋರ್‌ಪೈರಿಫಾಸ್ ಮೈಯೊಳಗೆ ಹೋದ ಮೇಲೆ ಇನ್ನೂ ಘೋರ ರೂಪಕ್ಕೆ ತಿರುಗುತ್ತದೆ, ಹಾಗಾಗಿ ತೊಂದರೆ ತಡವಾಗಿ ಕಾಣಿಸಬಹುದು.

108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವಷ್ಟರಲ್ಲಿ ಬಟ್ಟೆ ಬಿಚ್ಚಿ, ಮೈ, ತಲೆಗೂದಲು, ಉಗುರಿನ ಸಂದು ಸೋಪಿನಿಂದ ತೊಳೆಯಿರಿ. ತೊಳೆಯುವವರೂ ಗ್ಲೌಸ್ ಹಾಕಿಕೊಳ್ಳಬೇಕು. ವಿಷ ಕುಡಿದಿದ್ದರೆ ಉಪ್ಪುನೀರು ಕೊಟ್ಟು ವಾಂತಿ ಮಾಡಿಸಬೇಡಿ, ಹಾಲೂ ಬೇಡ. ದ್ರಾವಕ ಶ್ವಾಸಕೋಶಕ್ಕೆ ಹೋದರೆ ಅದೇ ಇನ್ನೊಂದು ಕುತ್ತು. ಎಡ ಮಗ್ಗುಲಿಗೆ ಮಲಗಿಸಿ.

ಬಾಟಲಿಯನ್ನು ಚೀಲಕ್ಕೆ ಹಾಕಿ ಜೊತೆಗೇ ಒಯ್ಯಿರಿ. ಔಷಧಿಯ ಹೆಸರು ಗೊತ್ತಾದರೆ ಈ ವಿಷಕ್ಕೆ ಮದ್ದಾದ ಅಟ್ರೊಪಿನ್, ಬೇಕಿದ್ದರೆ ಪ್ರಾಲಿಡಾಕ್ಸಿಮ್ ಕೊಡುವುದು ತಡವಾಗುವುದಿಲ್ಲ. ಚೇತರಿಸಿಕೊಂಡು ಕೂತು ಮಾತಾಡಿದರು ಅಂತ ಮಾರನೇ ದಿನವೇ ಮನೆಗೆ ಕರೆತರಬೇಡಿ. 1ರಿಂದ 4 ದಿನದೊಳಗೆ ಕುತ್ತಿಗೆ ಎತ್ತಲಾಗದಂತೆ ಸ್ನಾಯು ಸೋತು, ಮತ್ತೆ ಉಸಿರಾಟ ಕಷ್ಟವಾಗಬಹುದು. ಡಾಕ್ಟರು ಹೇಳುವವರೆಗೆ ಅಲ್ಲೇ ಇರಲಿ.