ಪೆನ್ ಟ್ಯಾಬ್ಲೆಟ್ ಬೇಕಾ ಬೇಡವಾ: ಕೆಲಸದ ಫೈಲು ನೋಡಿ ತೀರ್ಮಾನಿಸುವುದು

ಪೆನ್ ಟ್ಯಾಬ್ಲೆಟ್ ಅಂದರೆ ಕಂಪ್ಯೂಟರಿಗೆ ಜೋಡಿಸುವ ಹಲಗೆ; ಅದರ ಮೇಲೆ ಪೆನ್ನಿನಲ್ಲಿ ಎಳೆದದ್ದು ಪರದೆಯಲ್ಲಿ ಮೂಡುತ್ತದೆ. ಪ್ರೆಸ್ಸಿಗೆ ಡಿಸೈನ್ ಮಾಡುವ ನಿಮಗೆ ಅದು ಬೇಕೇ ಎಂದು ತಿಳಿಯಲು, ಇತ್ತೀಚೆಗೆ ಮುಗಿಸಿ ಕೊಟ್ಟ ಹತ್ತು ಕೆಲಸಗಳ ಫೈಲು ತೆರೆಯಿರಿ. ಒಂದೊಂದರಲ್ಲೂ ಕೈಯಿಂದ ಎಳೆದದ್ದು ಎಷ್ಟು, ಜೋಡಿಸಿದ್ದು ಎಷ್ಟು ಅಂತ ನೋಡಿ. ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ, ಮದುವೆ ಕಾರ್ಡು, ಬಿಲ್ ಬುಕ್ಕು, ಅಂಗಡಿ ಬೋರ್ಡು ಇವೆಲ್ಲ ಜೋಡಿಸುವ ಕೆಲಸ. ಅಕ್ಷರ ಕೂರಿಸಬೇಕು, ಸಾಲು ಸಮ ಮಾಡಬೇಕು, ನೋಡ್ (ಗೆರೆಯನ್ನು ಬಗ್ಗಿಸುವ ಬಿಂದು) ಹಿಡಿದು ಎಳೆಯಬೇಕು. ಇದಕ್ಕೆ ಮೌಸೇ ಸರಿ. ಪೆನ್ನಿನ ತುದಿ ಒತ್ತುವಾಗ ಒಂದೆರಡು ಪಿಕ್ಸೆಲ್ ಜಾರುತ್ತದೆ, ಕ್ಲಿಕ್ ಹೋಗಿ ಡ್ರ್ಯಾಗ್ ಆಗಿಬಿಡುತ್ತದೆ, ಕೂರಿಸಿದ ಅಕ್ಷರ ಅಲ್ಲಾಡುತ್ತದೆ. ಯಕ್ಷಗಾನ ಆಟದ ಪೋಸ್ಟರಿಗೆ ವೇಷದ ಫೋಟೊ ಕತ್ತರಿಸುವುದು, ಮದುವೆ ಆಲ್ಬಮ್ಮಿನಲ್ಲಿ ಮುಖ ತಿದ್ದುವುದು, ಪಿಲಿವೇಷದ (ಹುಲಿವೇಷದ) ಚಿತ್ರ ಬರೆಯುವುದು, ಪ್ರಸಂಗದ ಹೆಸರನ್ನು ಕೈಬರಹದಲ್ಲಿ ಮಾಡುವುದು ಎಳೆಯುವ ಕೆಲಸ. ಹತ್ತರಲ್ಲಿ ಮೂರಾದರೂ ಈ ಜಾತಿಯದ್ದಿದ್ದರೆ ಟ್ಯಾಬ್ಲೆಟ್ ತೆಗೆದುಕೊಳ್ಳಿ ಎನ್ನುತ್ತೇನೆ. ಒಂದೇ ಇದ್ದರೆ ಆ ದುಡ್ಡಿಗೆ ರ‍್ಯಾಮ್ ಹಾಕಿಸಿ.

ನಮ್ಮ ಕರಾವಳಿ ಕಡೆ ಈ ಲೆಕ್ಕ ಹಾಕುವಾಗ ಸೀಸನ್ ಗಮನಿಸಬೇಕು. ದೀಪಾವಳಿ ಕಳೆದು ಮೇಳಗಳು ಹೊರಟಲ್ಲಿಂದ ಮೇ ಕೊನೆಯ ಪತ್ತನಾಜೆಯವರೆಗೆ ಆಟದ ಪೋಸ್ಟರು, ನೇಮ-ಜಾತ್ರೆಯ ಫ್ಲೆಕ್ಸು. ಅಷ್ಟಮಿಗೆ ಉಡುಪಿಯಲ್ಲಿ, ನವರಾತ್ರಿಗೆ ಮಂಗಳೂರಿನಲ್ಲಿ ಹುಲಿ ಕುಣಿಯುವಾಗ ಚಿತ್ರದ ಕೆಲಸ ಒಟ್ಟಿಗೆ ಬಂದು ಬೀಳುತ್ತದೆ. ಮಳೆಗಾಲದ ಆಟಿ ತಿಂಗಳ ಫೈಲು ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ.

ದುಡ್ಡಿನ ಲೆಕ್ಕ ಸುಲಭ. ಪರದೆ ಇಲ್ಲದ ಸಣ್ಣ ಟ್ಯಾಬ್ಲೆಟ್ಟಿಗೆ 4,000 ರೂಪಾಯಿ ಅಂತ ಇಟ್ಟುಕೊಳ್ಳಿ, ನಿಮ್ಮ ಒಂದು ಗಂಟೆಯ ಬೆಲೆ 200 ಅಂತ ಇಟ್ಟುಕೊಳ್ಳಿ. 20 ಗಂಟೆ ಉಳಿದರೆ ಅಸಲು ಬಂತು. ಒಂದು ಕಟಿಂಗ್ ಕೆಲಸದಲ್ಲಿ ಹದಿನೈದು ನಿಮಿಷ ಉಳಿದರೆ 80 ಫೋಟೊ. ಸೀಸನ್‌ನಲ್ಲಿ ಇದು ದೊಡ್ಡ ಸಂಖ್ಯೆಯೇನಲ್ಲ.

ಆ ಹದಿನೈದು ನಿಮಿಷ ಎಲ್ಲಿ ಉಳಿಯುತ್ತದೆ ಎಂಬುದನ್ನು ಒಂದೇ ಫೋಟೊದಲ್ಲಿ ನೋಡೋಣ. ಬಣ್ಣದ ವೇಷ, ಹಿಂದೆ ರಂಗಸ್ಥಳದ ಕತ್ತಲು, ಪೋಸ್ಟರಿಗೆ ಬೇಕಾದದ್ದು ಹಳದಿ ಹಿನ್ನೆಲೆ. ಇಡೀ ಅಂಚನ್ನು ಬ್ರಷ್ಷಿನಲ್ಲಿ ಎಳೆಯಲು ಹೋಗಬೇಡಿ. ಕಿರೀಟ, ಭುಜಕೀರ್ತಿ, ಕೈಯಲ್ಲಿರುವ ಗದೆ ಹೀಗೆ ಗಟ್ಟಿ ಅಂಚಿನದ್ದನ್ನೆಲ್ಲ ಮೌಸಿನಿಂದ ಪಾತ್ (ಅಂಚಿನ ಗೆರೆ) ಹಾಕಿ, ಅದನ್ನು ಲೇಯರ್ ಮಾಸ್ಕ್ (ಬಿಳಿ ಇದ್ದಲ್ಲಿ ಫೋಟೊ ಕಾಣುವ, ಕಪ್ಪು ಇದ್ದಲ್ಲಿ ಮರೆಯಾಗುವ ಪದರ) ಮಾಡಿ. ಉಳಿಯುವುದು ಹರಡಿದ ಕೂದಲು, ಮೀಸೆ, ಗಡ್ಡ, ಕುಣಿತದಲ್ಲಿ ಅಲ್ಲಾಡಿ ಮಸುಕಾದ ಬಟ್ಟೆಯ ತುದಿ. ಇಲ್ಲಿ ಟ್ಯಾಬ್ಲೆಟ್ಟಿನ ಪೆನ್ನು ಹಿಡಿಯಿರಿ. 4000 ಪಿಕ್ಸೆಲ್ ಎತ್ತರದ ಫೋಟೊ ಆದರೆ ಬ್ರಷ್ 8ರಿಂದ 12 ಪಿಕ್ಸೆಲ್, ಹಾರ್ಡ್‌ನೆಸ್ ಶೇ. 60-70, ಫ್ಲೋ ಶೇ. 100. ಪ್ರೆಶರ್, ಅಂದರೆ ಪೆನ್ನು ಒತ್ತುವ ಬಲ, ಬ್ರಷ್ ಸೈಜಿಗೆ ಮಾತ್ರ ಕೊಡಿ, ಒಪಾಸಿಟಿಗೆ (ಬಣ್ಣದ ಗಾಢತೆಗೆ) ಬೇಡ. ಒಳಗಿನಿಂದ ಹೊರಕ್ಕೆ, ಕೂದಲು ಹೋದ ದಿಕ್ಕಿನಲ್ಲೇ ಗಿಡ್ಡ ಗೆರೆ ಎಳೆದು ತುದಿಯಲ್ಲಿ ಕೈ ಎತ್ತಿ. ಗೆರೆ ತಾನಾಗಿ ಚೂಪಾಗಿ ಮುಗಿಯುತ್ತದೆ. ಮೌಸಿನಲ್ಲಿ ಇದೇ ಗೆರೆಗೆ ಪ್ರತಿ ಸಲ ಬ್ರಷ್ ಸೈಜು ಬದಲಿಸಬೇಕು. ಸಮಯ ತಿನ್ನುವುದು ಅಲ್ಲಿ.

ಸೈಜು, ಒಪಾಸಿಟಿ ಎರಡನ್ನೂ ಪ್ರೆಶರಿಗೆ ಕಟ್ಟಿದರೆ ಮಾಸ್ಕಿನ ಅಂಚು ಅರ್ಧಂಬರ್ಧ ಬೂದಿಯಾಗುತ್ತದೆ, ಹಿಂದಿನ ಕತ್ತಲು ಅಷ್ಟಷ್ಟೇ ಉಳಿಯುತ್ತದೆ. ಮಾನಿಟರಿನಲ್ಲಿ ಗೊತ್ತಾಗುವುದಿಲ್ಲ. ಹತ್ತಡಿ ಫ್ಲೆಕ್ಸಿನಲ್ಲಿ ಹಳದಿಯ ಮೇಲೆ ಕಪ್ಪು ಕೊಳೆ ಕೂತದ್ದು ರಸ್ತೆಯಿಂದಲೇ ಕಾಣುತ್ತದೆ. ಮುಖ ತಿದ್ದುವಾಗ ಮಾತ್ರ ಉಲ್ಟಾ: ಶೇ. 50ರ ಬೂದು ತುಂಬಿದ ಲೇಯರನ್ನು ಸಾಫ್ಟ್ ಲೈಟ್‌ಗೆ ಇಟ್ಟು, ಮೆತ್ತಗಿನ ಬ್ರಷ್, ಫ್ಲೋ ಶೇ. 5-10, ಪ್ರೆಶರ್ ಒಪಾಸಿಟಿಗೆ.

ಕನ್ನಡ ಅಕ್ಷರ ಬರೆಯುವುದಕ್ಕೆ ಪೆನ್ನು ಇನ್ನೂ ಹೆಚ್ಚು ಉಪಯೋಗ, ಏಕೆಂದರೆ ನಮ್ಮ ಅಕ್ಷರದಲ್ಲಿ ನೇರ ಗೆರೆ ಕಡಿಮೆ, ಉರುಟೇ ಜಾಸ್ತಿ. ಎ4 ಕಾಗದದ ಅಳತೆ, 300 ಡಿಪಿಐ, ಅಂದರೆ 2480 x 3508 ಪಿಕ್ಸೆಲ್. ಬಿಳಿಯ ಮೇಲೆ ಅಪ್ಪಟ ಕಪ್ಪು. ಚಿತ್ರ ಬರೆಯುವ ಕೃತಾ ಎಂಬ ಸಾಫ್ಟ್‌ವೇರ್ ಸಾಕು, ಅದು ಉಚಿತ. ಗೆರೆ ನಡುಗದಂತೆ ಸ್ಮೂಥಿಂಗ್ ಕೊಡಬಹುದು, ಆದರೆ ಫೋಟೊಶಾಪಿನಲ್ಲಿ ಶೇ. 10-20ರಲ್ಲಿ ನಿಲ್ಲಿಸಿ. ಏರಿಸುತ್ತಾ ಹೋದರೆ ಒತ್ತಕ್ಷರದ ಸಣ್ಣ ಸುರುಳಿ ಕರಗುತ್ತದೆ, ತಲೆಕಟ್ಟಿನ ಕೊಕ್ಕೆ ಮೊಂಡಾಗುತ್ತದೆ. ಮಣಿಕಟ್ಟಿನಿಂದ ಬರೆಯದೆ ಮೊಣಕೈಯಿಂದ, ಬೇಕಾದ್ದಕ್ಕಿಂತ ದೊಡ್ಡದಾಗಿ ಬರೆಯಿರಿ. ಆಮೇಲೆ ಟ್ರೇಸ್ ಮಾಡಿ ವೆಕ್ಟರಿಗೆ (ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗೆ) ತಂದು, ಹೆಚ್ಚಾದ ನೋಡ್‌ಗಳನ್ನು ಮೌಸಿನಲ್ಲಿ ತೆಗೆಯಿರಿ. ಕೋರೆಲ್ ಡ್ರಾದಲ್ಲೇ ಮಾಡುವವರಿಗೆ ಆರ್ಟಿಸ್ಟಿಕ್ ಮೀಡಿಯಾ ಟೂಲ್‌ನಲ್ಲಿ ಪ್ರೆಶರ್ ಮೋಡ್ (ಹೊಸ ಆವೃತ್ತಿಗಳಲ್ಲಿ ಅದರ ಹೆಸರು ಎಕ್ಸ್‌ಪ್ರೆಶನ್) ಉಂಟು. ಮೌಸಿನಲ್ಲಿ ಎಳೆಯುವಾಗ ಕೀಬೋರ್ಡಿನ ಮೇಲಿನ-ಕೆಳಗಿನ ಬಾಣದ ಕೀ ಒತ್ತಿದರೂ ಅದರಲ್ಲಿ ಗೆರೆ ದಪ್ಪ-ತೆಳು ಆಗುತ್ತದೆ. ವರ್ಷಕ್ಕೆ ಎರಡು ಸಲ ಮಾತ್ರ ಇಂಥ ಕೆಲಸ ಬರುವವರಿಗೆ ಅದೇ ಸಾಕು ಮಾರಾಯ್ರೆ.

ಈಗ ಟ್ಯಾಬ್ಲೆಟ್ಟಿನ ಅಳತೆ. ಒನ್ ಬೈ ವ್ಯಾಕಮ್‌ನ ಸಣ್ಣ ಮಾಡೆಲಿನಲ್ಲಿ ಬರೆಯುವ ಜಾಗ 152 x 95 ಮಿಲಿಮೀಟರ್, ಮೀಡಿಯಂನಲ್ಲಿ 216 x 135. ನಿಮ್ಮ ಪರದೆಯ ಅಗಲವನ್ನು ಈ ಅಗಲದಿಂದ ಭಾಗಿಸಿ. 15.6 ಇಂಚಿನ ಲ್ಯಾಪ್‌ಟಾಪಿನ ಪರದೆ ಸುಮಾರು 345 ಮಿ.ಮೀ. ಅಗಲ, ಸಣ್ಣದರಲ್ಲಿ ಕೈ ಒಂದು ಮಿ.ಮೀ. ಸರಿದರೆ ಪರದೆಯಲ್ಲಿ 2.3 ಮಿ.ಮೀ. ಸರಿಯುತ್ತದೆ. 24 ಇಂಚಿನ ಮಾನಿಟರು 531 ಮಿ.ಮೀ.; ಅದೇ ಸಣ್ಣದರಲ್ಲಿ ಇದು 3.5ಕ್ಕೆ ಏರುತ್ತದೆ, ಮೀಡಿಯಂನಲ್ಲಿ 2.5. ಮೂರು ದಾಟಿದರೆ ಕೈಯ ಸಣ್ಣ ನಡುಕವೂ ಗೆರೆಯಲ್ಲಿ ಕಾಣಲು ಶುರುವಾಗುತ್ತದೆ, ಪ್ರತಿ ಗೆರೆಗೂ ಜೂಮ್ ಮಾಡಬೇಕಾಗುತ್ತದೆ. ಆದ್ದರಿಂದ ಲ್ಯಾಪ್‌ಟಾಪಿಗೆ ಸಣ್ಣದು, ದೊಡ್ಡ ಮಾನಿಟರಿಗೆ ಮೀಡಿಯಂ. ಎರಡು ಮಾನಿಟರ್ ಇದ್ದವರು ಡ್ರೈವರಿನಲ್ಲಿ ಒಂದಕ್ಕೇ ಮ್ಯಾಪ್ ಮಾಡಬೇಕು. ಎರಡಕ್ಕೂ ಹರಡಿದರೆ ಈ ಸಂಖ್ಯೆ ಇಮ್ಮಡಿಯಾಗುತ್ತದೆ.

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ 8192, 16384 ಪ್ರೆಶರ್ ಲೆವೆಲ್ ನೋಡಿ ಹೆಚ್ಚು ದುಡ್ಡು ಕೊಡಬೇಡಿ. 50 ಪಿಕ್ಸೆಲ್‌ನ ಬ್ರಷ್ ತೆಳುವಿನಿಂದ ದಪ್ಪಕ್ಕೆ ಹೋಗುವಾಗ ದಾಟುವುದು 50 ಪಿಕ್ಸೆಲ್. 2048 ಲೆವೆಲ್ ಇದ್ದರೂ ಒಂದು ಪಿಕ್ಸೆಲ್‌ಗೆ 40 ಲೆವೆಲ್ ಸಿಗುತ್ತದೆ. ಮಾಸ್ಕಿನಲ್ಲಿ ಇರುವುದೇ 256 ಬೂದು. ಮುಖ್ಯವಾದದ್ದು ಬೇರೆ: ತೀರಾ ಹಗುರವಾಗಿ ಮುಟ್ಟಿದರೂ ಗೆರೆ ಮೂಡುತ್ತದೆಯೇ? ಇದನ್ನು ಡಬ್ಬದಲ್ಲಿ ಓದಿ ತಿಳಿಯಲು ಆಗುವುದಿಲ್ಲ, ಗೀಚಿಯೇ ನೋಡಬೇಕು.

ಪೆಟ್ಟಿಗೆ ಬಿಚ್ಚಿದ ದಿನವೇ ಹೆಚ್ಚಿನವರು "ಇದು ನನಗಾಗುವುದಿಲ್ಲ" ಎಂದು ಬದಿಗಿಡುವುದು ಕೈಯ ತಪ್ಪಿನಿಂದಲ್ಲ, ಸೆಟ್ಟಿಂಗಿನಿಂದ. ಮೊದಲು ಅನುಪಾತ. ಟ್ಯಾಬ್ಲೆಟ್ 16:10, ಪರದೆ 16:9. 152 x 95ನ್ನು ಹಾಗೇ 1920 x 1080ಕ್ಕೆ ಹಿಗ್ಗಿಸಿದರೆ ಅಡ್ಡಕ್ಕೆ ಮಿ.ಮೀ.ಗೆ 12.6 ಪಿಕ್ಸೆಲ್, ಉದ್ದಕ್ಕೆ 11.4. ನೀವು ಎಳೆದ ಉರುಟು ಶೇ. 11ರಷ್ಟು ಅಡ್ಡ ಅಗಲವಾಗುತ್ತದೆ; ಸೊನ್ನೆ ಬರೆದರೆ ಮೊಟ್ಟೆ. ಪರೀಕ್ಷೆಗೆ ನೀರಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ಇಟ್ಟು ಸುತ್ತ ಪೆನ್ನು ಓಡಿಸಿ. ನಾಣ್ಯ ಬೇಡ, ಲೋಹ ಹತ್ತಿರ ಬಂದರೆ ಸಿಗ್ನಲ್ ಕೆಡಬಹುದು. ಡ್ರೈವರಿನಲ್ಲಿ ಅನುಪಾತ ಕಟ್ಟುವ ಆಯ್ಕೆಗೆ ಟಿಕ್ ಹಾಕಿದರೆ ಕೆಳಗೆ ಸುಮಾರು 9.5 ಮಿ.ಮೀ. ಪಟ್ಟಿ ಖಾಲಿ ಬೀಳುತ್ತದೆ, ಉರುಟು ಉರುಟಾಗಿಯೇ ಬರುತ್ತದೆ.

ಎರಡನೆಯದು ವಿಂಡೋಸ್ ಇಂಕ್, ಪೆನ್ನಿಗೆಂದು ವಿಂಡೋಸಿನಲ್ಲೇ ಇರುವ ವ್ಯವಸ್ಥೆ. ಅದನ್ನು ತೆಗೆದರೆ ಫೋಟೊಶಾಪಿನಲ್ಲಿ ಪ್ರೆಶರ್ ಸಿಗದೇ ಹೋಗಬಹುದು. ಇಟ್ಟರೆ ಪೆನ್ನು ಒತ್ತಿ ಹಿಡಿದಾಗ ಸುತ್ತ ಒಂದು ಉಂಗುರ ಬಂದು ಗೆರೆಯ ಶುರು ತಡವಾಗುತ್ತದೆ, ಮೊದಲ ತುಂಡು ನೆಟ್ಟಗೆ ಬರುತ್ತದೆ. ಇಂಕ್ ಇರಲಿ. ಕಂಟ್ರೋಲ್ ಪ್ಯಾನೆಲ್‌ನ ಪೆನ್ ಆ್ಯಂಡ್ ಟಚ್‌ನಲ್ಲಿ ಒತ್ತಿ ಹಿಡಿದರೆ ರೈಟ್ ಕ್ಲಿಕ್ ಎಂಬುದನ್ನು ಮಾತ್ರ ಬಂದ್ ಮಾಡಿ. ಕೋರೆಲ್‌ನ ಹೊಸ ಆವೃತ್ತಿಗಳಲ್ಲಿ ಪೆನ್ನಿಗೆ ವಿನ್‌ಟ್ಯಾಬ್ ಅಥವಾ ರಿಯಲ್‌ಟೈಮ್ ಸ್ಟೈಲಸ್ ಎಂಬ ಆಯ್ಕೆ ಇದೆ. ಒಂದರಲ್ಲಿ ಪ್ರೆಶರ್ ಬರದಿದ್ದರೆ ಇನ್ನೊಂದಕ್ಕೆ ಬದಲಿಸಿ. ಮೊದಲು ಬೇರೆ ಕಂಪನಿಯ ಟ್ಯಾಬ್ಲೆಟ್ ಇದ್ದಿದ್ದರೆ ಅದರ ಡ್ರೈವರ್ ತೆಗೆದು ರೀಸ್ಟಾರ್ಟ್ ಮಾಡಿಯೇ ಹೊಸದು ಹಾಕಿ, ಎರಡು ಒಟ್ಟಿಗೆ ಬಾಳುವುದಿಲ್ಲ.

ಎಷ್ಟು ಒತ್ತಿದರೆ ಎಷ್ಟು ದಪ್ಪ ಎಂದು ಹೇಳುವ ಪ್ರೆಶರ್ ಕರ್ವನ್ನು ಮೆತ್ತಗಿನ ಕಡೆಗೆ ಸರಿಸಿ. ಪೂರ್ತಿ ದಪ್ಪ ಬರಲು ಬಲ ಹಾಕಿ ಒತ್ತಬೇಕಾದರೆ ಮಣಿಕಟ್ಟೂ ನೋಯುತ್ತದೆ, ಪೆನ್ನಿನ ತುದಿಯ ನಿಬ್ಬೂ ಸವೆಯುತ್ತದೆ. ಪೆನ್ನಿನ ಬದಿಯ ಬಟನ್‌ಗಳನ್ನು ಶುರುವಿನಲ್ಲಿ ಆಫ್ ಇಡಿ, ಹೊಸಬರ ಬೆರಳು ಅಲ್ಲೇ ಹೋಗಿ ಕೂರುತ್ತದೆ. ಕಣ್ಣು ಪರದೆಯಲ್ಲಿ, ಕೈ ಮೇಜಿನಲ್ಲಿ ಎಂಬುದಕ್ಕೆ ಒಗ್ಗಲು ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಬೇಕೇ ಬೇಕು. ಸೀಸನ್ ಮಧ್ಯೆ ಕೊಳ್ಳಬೇಡಿ ಎನ್ನುವುದು ಇದಕ್ಕೇ. ಮಳೆಗಾಲದ ಬಿಡುವಿನಲ್ಲಿ ಕೊಳ್ಳಿ.

ದೊಡ್ಡ ಫ್ಲೆಕ್ಸ್ ಫೈಲಿನಲ್ಲಿ ಬ್ರಷ್ ಪೆನ್ನಿನ ಹಿಂದೆ ತೆವಳುತ್ತಾ ಬಂದರೆ ಟ್ಯಾಬ್ಲೆಟ್ಟಿಗೆ ಬೈಯಬೇಡಿ. 10 x 8 ಅಡಿ, 100 ಡಿಪಿಐ ಅಂದರೆ 12000 x 9600 ಪಿಕ್ಸೆಲ್. ಪ್ರಿಂಟಿನ ನಾಲ್ಕು ಬಣ್ಣದ ಸಿಎಂವೈಕೆಯಲ್ಲಿ ಪೂರ್ತಿ ತುಂಬಿದ ಒಂದು ಲೇಯರಿಗೇ ಸುಮಾರು 460 ಎಂಬಿ. ವೇಷದ ಮಾಸ್ಕನ್ನು ಮೂಲ ಫೋಟೊದ ಫೈಲಿನಲ್ಲೇ ಮುಗಿಸಿ, ಆಮೇಲೆ ಫ್ಲೆಕ್ಸ್ ಫೈಲಿಗೆ ತನ್ನಿ.

ಕರಾವಳಿಯ ಸೆಕೆ ಟ್ಯಾಬ್ಲೆಟ್ಟಿಗೆ ಬೇರೆಯೇ ಪರೀಕ್ಷೆ. ಏಪ್ರಿಲ್-ಮೇಯಲ್ಲಿ ಬೆವರಿದ ಅಂಗೈ ಮೇಲ್ಮೈಗೆ ಅಂಟಿಕೊಂಡು ಉದ್ದ ಗೆರೆಯ ನಡುವೆ ತಡೆಯುತ್ತದೆ. ಎರಡು ಬೆರಳಿನ ಗವಸು ಸಿಗುತ್ತದೆ. ಅಂಗೈ ಕೆಳಗೆ ಒಣ ಕರ್ಚೀಫು ಇಟ್ಟರೂ ನಡೆಯುತ್ತದೆ, ಪೆನ್ನನ್ನು ಟ್ಯಾಬ್ಲೆಟ್ ಬಟ್ಟೆಯ ಮೂಲಕವೂ ಗುರುತಿಸುತ್ತದೆ. ತೆಳು ಕಾಗದದಲ್ಲಿ ಪೆನ್ಸಿಲಿನಿಂದ ಬರೆದ ಸ್ಕೆಚ್ಚನ್ನು ಮೇಲಿಟ್ಟು ಟ್ರೇಸ್ ಮಾಡಲೂ ಬರುತ್ತದೆ, ಆದರೆ ಕಾಗದದ ಮೇಲೆ ನಿಬ್ ಬೇಗ ಸವೆಯುತ್ತದೆ. ಸ್ಟೀಲ್ ಮೇಜಿನ ಮೇಲೆ ನೇರವಾಗಿ ಇಡಬೇಡಿ, ಕರ್ಸರ್ ನಡುಗುತ್ತದೆ; ಅಡಿಗೆ ರಟ್ಟೋ ಹಲಗೆಯೋ ಬೇಕು. ಲ್ಯಾಪ್‌ಟಾಪಿನ ಚಾರ್ಜರ್ ಚುಚ್ಚಿದಾಗ ಮಾತ್ರ ನಡುಕ ಬಂದರೆ ಪ್ಲಗ್ಗಿನ ಅರ್ಥಿಂಗ್ ನೋಡಿಸಿ. ಪೆನ್ನಿನ ರಬ್ಬರ್ ಹಿಡಿಕೆ ಇಲ್ಲಿಯ ತೇವಕ್ಕೆ ಕೆಲವು ವರ್ಷದಲ್ಲಿ ಜಿಗುಟಾಗುತ್ತದೆ, ಆದಷ್ಟು ಗಟ್ಟಿ ಪ್ಲಾಸ್ಟಿಕ್ಕಿನ ಪೆನ್ನು ಆರಿಸಿ.

ನಿಬ್‌ನ ಒಂದು ಬದಿ ಚಪ್ಪಟೆಯಾಗಿ ಅಂಚು ಉಗುರಿಗೆ ಚೂಪಾಗಿ ತಾಗಿದರೆ ಬದಲಿಸುವ ಹೊತ್ತು. ಇನ್ನೂ ಓಡಿಸಿದರೆ ಮೇಲ್ಮೈಗೆ ಗೀರು ಬೀಳುತ್ತದೆ. ತೀರಾ ಗಿಡ್ಡವಾದರೆ ಹಿಡಿದು ಎಳೆಯಲೂ ಸಿಗುವುದಿಲ್ಲ. ಜೊತೆಗೆ ಬರುವ ಉಂಗುರದಿಂದ ನೇರ ಎಳೆಯಿರಿ, ವಾರೆ ಮಾಡಬೇಡಿ. ಪೆನ್ನನ್ನು ತುದಿ ಕೆಳಗಾಗಿ ಲೋಟದಲ್ಲಿ ನಿಲ್ಲಿಸಿದರೆ ಒಳಗಿನ ಸೆನ್ಸರಿನ ಮೇಲೆ ಭಾರ ಕೂತೇ ಇರುತ್ತದೆ, ಮಲಗಿಸಿ ಇಡಿ.

ಪರದೆ ಇರುವ ಟ್ಯಾಬ್ಲೆಟ್ಟಿನ ಬಗ್ಗೆ ನನ್ನ ಮಾತು ಇಷ್ಟೇ: ದಿನವಿಡೀ ಚಿತ್ರವನ್ನೇ ಬರೆಯುವವರಿಗೆ ಅದು ಸರಿ. ಪ್ರೆಸ್ಸಿನ ಕೆಲಸದವರಿಗೆ ಬೆಲೆ ನಾಲ್ಕೈದು ಪಟ್ಟು, ಮೇಜಿನ ಜಾಗ ಹೋಗುತ್ತದೆ, ಕತ್ತು ಬಗ್ಗುತ್ತದೆ, ಸೆಕೆಯಲ್ಲಿ ಬಿಸಿ ಗಾಜಿನ ಮೇಲೆ ಕೈ ಇಡಬೇಕು. ಐಪ್ಯಾಡ್ ಸ್ಕೆಚ್ಚಿಗೆ ಚೆಂದ. ಆದರೆ ಪ್ರೆಸ್ಸಿನವರು ಕೇಳುವುದು ಕೋರೆಲ್ ಫೈಲು.

ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಬೇಡ ಎನ್ನುವುದಿಲ್ಲ, ಆದರೆ ನಿಮ್ಮ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ. ಆ ಮಾಡೆಲಿಗೆ ನಿಮ್ಮ ವಿಂಡೋಸಿನ ಡ್ರೈವರ್ ಇದೆಯೇ ಅಂತ ಮನೆಯಲ್ಲೇ ನೋಡಿಕೊಳ್ಳಿ. ಪ್ಲಾಸ್ಟಿಕ್ ಸ್ಕೇಲ್ ಓರೆಯಾಗಿಟ್ಟು ಮೂಲೆಯಿಂದ ಮೂಲೆಗೆ ತುಂಬ ನಿಧಾನವಾಗಿ ಗೆರೆ ಎಳೆಯಿರಿ. ಅಲೆ ಅಲೆಯಾಗಿ ಬಂದರೆ ಬಿಟ್ಟುಬಿಡಿ. ನಾಲ್ಕೂ ಅಂಚಿನಲ್ಲಿ ಗೀಚಿ ಗೆರೆ ತುಂಡಾಗುತ್ತದೆಯೇ ನೋಡಿ. ಯುಎಸ್‌ಬಿ ಕೇಬಲನ್ನು ಟ್ಯಾಬ್ಲೆಟ್ ತುದಿಯಲ್ಲಿ ಮೆಲ್ಲ ಅಲ್ಲಾಡಿಸಿ. ಕನೆಕ್ಷನ್ ಹೋಗಿ ಬಂದರೆ ಬೇರೆ ಕೇಬಲ್ ಹಾಕಿ ನೋಡಿ, ಆಗಲೂ ಹಾಗೇ ಆದರೆ ಕೆಟ್ಟಿರುವುದು ಒಳಗಿನ ಪೋರ್ಟು. ಪೆನ್ನು ಅದೇ ಮಾಡೆಲಿನದ್ದೇ ಅಂತ ಖಾತ್ರಿ ಮಾಡಿಕೊಳ್ಳಿ, ಒಂದೇ ಕಂಪನಿಯ ಪೆನ್ನಾದರೂ ಎಲ್ಲ ಮಾಡೆಲಿಗೂ ಹೊಂದುವುದಿಲ್ಲ. ಪೆನ್ನೇ ಇಲ್ಲ, ಬರೀ ಹಲಗೆ ಕೊಡುತ್ತೇನೆ ಎಂದರೆ ಎಷ್ಟು ಅಗ್ಗವಾದರೂ ಬೇಡ. ಪೆನ್ನು ಬಿಡಿಯಾಗಿ ಕೊಳ್ಳಲು ಹೊರಟರೆ ಹೊಸ ಟ್ಯಾಬ್ಲೆಟ್ಟಿನ ಬೆಲೆಯ ಹತ್ತಿರ ಬಂದು ನಿಲ್ಲುತ್ತೀರಿ.